ಕಾರವಾರದಲ್ಲಿ ರವೀಂದ್ರರ ವಾಸಸ್ಥಾನ

ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿದ ಮೇಲೆ ಕಾರವಾರವು ಅದರ ಮುಖ್ಯಸ್ಥಳವಾಯಿತು. ಅಲ್ಲಿ ನ್ಯಾಯಾಧೀಶರಾಗಿದ್ದವರಲ್ಲಿ ಸತ್ಯೇಂದ್ರನಾಥ ಠಾಕೂರರು ಒಬ್ಬರು. 1863ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಉತ್ತೀರ್ಣರಾದ ಮೊದಲ ಭಾರತೀಯರು ಇವರೇ. 1883ರಲ್ಲಿ ಇವರ ತಮ್ಮಂದಿರಾದ ರವೀಂದ್ರನಾಥರು, ಆಗ ಇಪ್ಪತ್ತೆರಡರ ತರುಣರು, ಅಣ್ಣನವರ ಮನೆಯಲ್ಲಿ ಕೆಲಕಾಲ ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ’ವೆಂಬ ನಾಟಕವನ್ನು ಅವರು ರಚಿಸಿದುದು ಇಲ್ಲಿಯೇ; ಅದು 1884ರಲ್ಲಿ ಅಚ್ಚಾಯಿತು. ಸೀಮೆಯೊಳಗೇ ಅಸೀಮವನ್ನು ಪಡೆಯುವುದೆಂಬ ತಮ್ಮ ಮುಂದಿನ ಕಾವ್ಯಸಮಸ್ತದ ವಸ್ತುವಿಗೆ ಆ ಕೃತಿಯೇ ಪೀಠಿಕೆಯೆಂದು ಕವಿಗಳು ತಾವೇ ಭಾವಿಸಿದ್ದರು.

ಈ ವಾಸಕ್ಕೆ ಮುಖ್ಯ ಆಧಾರವು 1912ರಲ್ಲಿ ಗ್ರಂಥರೂಪವಾಗಿ ಬಂದ ‘ಜೀವನಸ್ಮೃತಿ’. ಅದರಲ್ಲಿ ಮನೆಯ ಗೋಡೆಮಾಡುಗಳಿಗಿಂತ ಸುತ್ತಣ ಸೃಷ್ಟಿಗೇ ಪ್ರಾಧಾನ್ಯ. ಅರ್ಧಚಂದ್ರಾಕಾರದ ಕಡಲತಡಿ, ಗಾಳಿಮರಗಳ ತೋಪು, ಬೆಟ್ಟಗಳ ನಡುವೆ ಹರಿದುಬರುವ ಕಾಳೀನದಿ, ಇವೇ ಅಲ್ಲಿ ಕಾಣುವುವು. ಒಂದು ಬೆಳುದಿಂಗಳಿರುಳು ದೋಣಿಯಲ್ಲಿ ನದಿಯನ್ನೇರಿ, ಶಿವಾಜಿಯ ಗಿರಿದುರ್ಗದ ಬಳಿ ಇಳಿದು, ರೈತನೊಬ್ಬನ ಗುಡಿಸಲಿನ ಅಂಗಳದಲ್ಲಿ ಉಂಡು, ಅಳಿವೆಗೆ ಮರಳಿ, ಅಲ್ಲಿಂದ ಮರಳ ಮೇಲೆ ನಡೆದೇ ಮನೆ ಸೇರಿದುದನ್ನು ಕವಿಗಳು ಹೇಳಿದ್ದಾರೆ.

ಇದರಿಂದ ಸಿದ್ಧವಾಗುವುದೇನೆಂದರೆ, ಮನೆ, ಮರಳು, ಅಳಿವೆ ಮೂರೂ ಸೇರಿಯೇ ಇಲ್ಲಿಯ ಸ್ಮಾರಕ. ತೀರಕ್ಕೇನೋ ರವೀಂದ್ರರ ಹೆಸರನ್ನಿಟ್ಟಾಗಿದೆ. ಆದರೆ ಆ ತೀರದಲ್ಲಿಯೇ ಬಂದರನ್ನು ವಿಸ್ತರಿಸುವ ಯೋಜನೆಯು ಬಂದು, 2020ರ ಜನವರಿಯಲ್ಲಿ ಮೀನುಗಾರರು ಅದನ್ನು ಪ್ರತಿಭಟಿಸಬೇಕಾಯಿತು. ಬಲೆಯೆಳೆಯಲು ಅವರಿಗೆ ಬೇಕಾದ ಮರಳೂ ಸಾಹಿತ್ಯಚರಿತ್ರೆಗೆ ಬೇಕಾದ ಮರಳೂ ಒಂದೇ. ಆದುದರಿಂದ ಕವಿಗಳ ವಾಸಸ್ಥಾನದ ರಕ್ಷಣೆಯನ್ನು ಯೋಚಿಸುವವರು ಕಟ್ಟಡದ ಆವರಣದಲ್ಲಿಯೇ ನಿಲ್ಲದೆ, ಅಳಿವೆಯವರೆಗಿನ ತೀರವನ್ನೂ ತಮ್ಮ ಎಣಿಕೆಯಲ್ಲಿ ಸೇರಿಸತಕ್ಕದ್ದು.