ಸಂತೆಯಿಂದ ಕಾಡಿಗೆ, ಕಾಡಿನಿಂದ ಸಾಲಕ್ಕೆ

ಗುಲಾಮಗಿರಿ ಅಂದ ಕೂಡಲೆ ನಮ್ಮ ಶಾಲೆಯ ಮಕ್ಕಳು ಅಮೆರಿಕದ ಹತ್ತಿ ಹೊಲಗಳನ್ನು ನೆನೆಯುತ್ತಾರೆ. ಲಿಂಕನ್ನನ ಹೆಸರು ಹೇಳುತ್ತಾರೆ. ಆದರೆ ಯಲ್ಲಾಪುರದ ಶಾಲೆಯಲ್ಲಿ ಅದೇ ಬೆಂಚಿನ ಮೇಲೆ ಕೂತಿರುವ ಸಿದ್ದಿ ಹುಡುಗಿಯ ಮುತ್ತಜ್ಜಿಯ ಮುತ್ತಜ್ಜಿ ಎಲ್ಲಿಂದ ಬಂದಳು, ಯಾರು ತಂದರು, ಯಾವ ಸಂತೆಯಲ್ಲಿ ಮಾರಿದರು? ಪುಸ್ತಕ ಬಾಯಿ ಬಿಡುವುದಿಲ್ಲ. ಉತ್ತರ ಕನ್ನಡದ ಚರಿತ್ರೆ ಅಂದರೆ ಸೋಂದೆಯ ಅರಸರು, ಮಠಗಳು, ಮೆಣಸಿನ ವ್ಯಾಪಾರ. ಮೆಣಸು ಹೋದ ದಾರಿಯಲ್ಲೇ ಮನುಷ್ಯರೂ ಬಂದರು ಎಂಬ ಮಾತಿಗೆ ಆ ಚರಿತ್ರೆಯಲ್ಲಿ ಜಾಗವಿಲ್ಲ. ಆ ಜಾಗವನ್ನು ನಾವೇ ಮಾಡಿಕೊಳ್ಳಬೇಕು.

1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಮೊಜಾಂಬಿಕ್ ಕಡೆಯಿಂದ, ಪೂರ್ವ ಆಫ್ರಿಕದ ಕರಾವಳಿಯಿಂದ ಬರುವ ಹಡಗುಗಳಲ್ಲಿ ದಂತ, ಬಂಗಾರದ ಜೊತೆ ಗಂಡಸರು, ಹೆಂಗಸರು, ಮಕ್ಕಳು ಸರಕಾಗಿ ಬಂದಿಳಿದರು. ಡಚ್ಚರವನಾದ ಲಿನ್ಸ್‌ಕೋಟೆನ್ 1583ರಿಂದ 1588ರ ತನಕ ಗೋವೆಯಲ್ಲಿದ್ದವನು. ಫ್ರೆಂಚರ ಪಿರಾರ್ 1608ರಿಂದ 1610ರ ತನಕ ಇದ್ದವನು. ಊರಿನ ದೊಡ್ಡ ಬೀದಿಯ ಹರಾಜಿನಲ್ಲಿ ದನ ಕುದುರೆಗಳಂತೆ ಜನರನ್ನು ಮಾರುವುದನ್ನು ಇಬ್ಬರೂ ಬರೆದಿಟ್ಟಿದ್ದಾರೆ. ಹೆಣ್ಣುಮಕ್ಕಳಿಗೆ ಹೊಲಿಗೆ ಬರುತ್ತದೆ, ಮಿಠಾಯಿ ಮಾಡಲು ಬರುತ್ತದೆ ಅಂತ ಗುಣ ಎಣಿಸಿ ಬೆಲೆ ಕೂಗುತ್ತಿದ್ದರು. ಕೊಂಡವನು ಅವರನ್ನು ಸಿಂಗರಿಸಿ ಬೀದಿಗೆ ಅಟ್ಟುತ್ತಿದ್ದ. ದಿನದ ಗಳಿಕೆ ಅವನ ಚೀಲಕ್ಕೆ. ಧಣಿಯ ಹೊಟ್ಟೆ ತುಂಬಿದ್ದು ಹೆಣ್ಣಿನ ಬೆವರಿನಿಂದ, ಹೆಣ್ಣಿನ ಮೈಯಿಂದ. ಬಾಯಲ್ಲಿ ಮಾತ್ರ ದೇವರ ಹೆಸರು!

ಈ ವ್ಯಾಪಾರಕ್ಕೆ ಒಂದೇ ದಿಕ್ಕು ಇರಲಿಲ್ಲ. ಆಫ್ರಿಕದವರನ್ನು ಇಲ್ಲಿಗೆ ತಂದವರೇ ನಮ್ಮ ನೆಲದ ಮಕ್ಕಳನ್ನು ಹೊರಗೆ ಸಾಗಿಸಿದರು. ಗೋವೆ, ಕೊಚ್ಚಿ, ಮಲಾಕ್ಕಾ, ಅಲ್ಲಿಂದ ಫಿಲಿಪ್ಪೀನ್ಸಿನ ಮನಿಲಾ, ಅಲ್ಲಿಂದ ಸ್ಪೇನಿನವರ ಹಡಗಿನಲ್ಲಿ ಮೆಕ್ಸಿಕೋ. ಮೊಗಲರ ಸೀಮೆಯಲ್ಲಿ ಹುಟ್ಟಿದವಳು ಅಂತ ಹೇಳುವ ಒಬ್ಬ ಹುಡುಗಿ ಕಡಲುಗಳ್ಳರ ಕೈಗೆ ಸಿಕ್ಕಿ, ಕೊಚ್ಚಿಯಲ್ಲಿ ಹೊಸ ಹೆಸರು ಪಡೆದು, ಮನಿಲಾದಲ್ಲಿ ಮಾರಾಟವಾಗಿ, 1620ರ ಆಸುಪಾಸಿಗೆ ಮೆಕ್ಸಿಕೋದ ಪ್ಯೂಬ್ಲಾ ಊರು ಸೇರಿದಳು. 1688ರಲ್ಲಿ ಅಲ್ಲೇ ಸತ್ತಳು. ಕತಾರಿನಾ ದೆ ಸಾನ್ ಹುವಾನ್ ಅಂತ ಅವಳನ್ನು ಸಂತಳ ಹಾಗೆ ನೆನೆಯುತ್ತಾರೆ. ಸಾವಿರಾರು ಜನರಲ್ಲಿ ಒಬ್ಬಳ ಹೆಸರಷ್ಟೇ ಉಳಿಯಿತು. ಗೋವೆಯಿಂದ ನಮ್ಮ ಘಟ್ಟ ಹತ್ತಿದವರ ಹೆಸರುಗಳು ಅಷ್ಟೂ ಉಳಿಯಲಿಲ್ಲ.

ಘಟ್ಟ ಹತ್ತಿದವರು ಅಂದೆವು. ಸಿದ್ದಿ ಹಿರಿಯರ ಬಾಯಿಮಾತು, ಅಧ್ಯಯನ ಮಾಡಿದವರ ಬರಹ ಎರಡೂ ಹೇಳುವುದು ಇದನ್ನೇ: ಧಣಿಗಳ ಕಾಟ ತಾಳದೆ ಗೋವೆಯಿಂದ ಓಡಿ ಬಂದವರೇ ಹಳಿಯಾಳ, ಯಲ್ಲಾಪುರ, ಅಂಕೋಲೆ, ಶಿರಸಿಯ ಕಾಡುಗಳಲ್ಲಿ ನೆಲೆ ನಿಂತರು. ಇವತ್ತು ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಬಡಿಯುವ ದಮಾಮಿ ಒಂದೇ. ಒಂದು ತಮಾಷೆ ನೋಡಿ. 1763-64ರಲ್ಲಿ ಹೈದರಾಲಿಯ ದಂಡು ಬಂದಾಗ ಸೋಂದೆಯ ಅರಸ ಓಡಿ ಹೋಗಿ ಗೋವೆಯ ಪೋರ್ಚುಗೀಸರ ಆಸರೆ ಪಡೆದ. ಅರಸ ಕಾಡು ಇಳಿದು ಗೋವೆಗೆ ಓಡಿದ. ಗೋವೆಯ ಆಳುಗಳು ಅರಸನ ಕಾಡಿಗೆ ಓಡಿ ಬಂದರು. ಅರಸನ ಓಟ ಚರಿತ್ರೆಯಾಯಿತು. ಕಂಕುಳಲ್ಲಿ ಕೂಸು ಹೊತ್ತು ಓಡಿದ ಹೆಂಗಸಿನ ಓಟಕ್ಕೆ ಒಂದು ಸಾಲೂ ಸಿಗಲಿಲ್ಲ.

ಇನ್ನು ಕಾನೂನಿನ ಕತೆ. ಪೋರ್ಚುಗಲ್ 1836ರಲ್ಲಿ ಗುಲಾಮರ ರಫ್ತು ನಿಲ್ಲಿಸಿತು. 1869ರಲ್ಲಿ ಗುಲಾಮಗಿರಿ ರದ್ದು ಅಂತ ಸಾರಿತು. ಬಿಡುಗಡೆಯಾದವರು ಇನ್ನೂ ಕೆಲವು ವರ್ಷ ಹಳೆಯ ಧಣಿಗೇ ದುಡಿಯಬೇಕು ಅಂತ ಬಾಲವನ್ನೂ ಸೇರಿಸಿತು. ಇತ್ತ ಬ್ರಿಟಿಷರು 1833ರಲ್ಲಿ ತಮ್ಮ ಸಾಮ್ರಾಜ್ಯದಲ್ಲಿ ಗುಲಾಮಗಿರಿ ತೆಗೆದಾಗ ಕಂಪನಿ ಸರಕಾರದ ಹಿಂದೂಸ್ತಾನವನ್ನು ಹೊರಗಿಟ್ಟರು. 1843ರ 5ನೇ ಕಾಯಿದೆ ಗುಲಾಮರ ಮೇಲಿನ ಹಕ್ಕನ್ನು ಕೋರ್ಟು ಎತ್ತಿಹಿಡಿಯದು ಅಂದಿತೇ ಹೊರತು ಗುಲಾಮರನ್ನು ಇಟ್ಟುಕೊಂಡವನಿಗೆ ಶಿಕ್ಷೆ ಹೇಳಲಿಲ್ಲ. ಮನುಷ್ಯರನ್ನು ಕೊಳ್ಳುವುದು, ಮಾರುವುದು ಅಪರಾಧವಾಗಿದ್ದು 1860ರ ದಂಡಸಂಹಿತೆಯಿಂದ. ಅದು ಜಾರಿಗೆ ಬಂದದ್ದು 1862ರಲ್ಲಿ.

ಆಗ ಧಣಿಗಳು ಏನು ಮಾಡಿದರು? ಮಾರಾಟದ ಬದಲು ಸಾಲ ಅಂದರು. ದಕ್ಷಿಣ ಕನ್ನಡದಲ್ಲಿ ನಮ್ಮವರನ್ನು 'ಮೂಲದ ಹೊಲೆಯ', 'ಸಾಲದ ಹೊಲೆಯ' ಅಂತ ಎರಡು ಪಾಲು ಮಾಡಿ ಕರೆದರು. ಒಬ್ಬ ಹುಟ್ಟಿನಿಂದ ಭೂಮಿಗೆ ಅಂಟಿದವನು, ಇನ್ನೊಬ್ಬ ಸಾಲದಿಂದ ಧಣಿಗೆ ಅಂಟಿದವನು. ಹೆಸರು ಎರಡು, ಹಗ್ಗ ಒಂದೇ. ಸಿದ್ದಿಗಳ ಕೊರಳಿಗೆ ಬಿದ್ದದ್ದೂ ಈ ಎರಡನೇ ಹಗ್ಗವೇ.

ಈ ಹಗ್ಗ ಹೊಸೆದದ್ದು ಹೇಗೆ ಅಂತ ತಿಳಿಯಲು ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೆಟ್ಟಗಳನ್ನು ನೋಡಬೇಕು. ಬ್ರಿಟಿಷರು ಕುಮರಿ ಬೇಸಾಯ ತಡೆದರು. 1878ರ ಅರಣ್ಯ ಕಾಯಿದೆ ಕಾಡಿಗೆ ಸರಕಾರದ ಬೇಲಿ ಹಾಕಿತು. ಆದರೆ ಅಡಿಕೆ ತೋಟದ ಒಡೆಯರಿಗೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ದಕ್ಕಿತು. ತೋಟ ಇದ್ದವನಿಗೆ ಕಾಡೂ ಬಂತು. ಕಾಡೇ ಮನೆಯಾಗಿದ್ದವರು ಅತಿಕ್ರಮಣದವರಾದರು. ನೆಲವಿಲ್ಲದವನು ಮದುವೆಗೆ, ಕಾಯಿಲೆಗೆ, ಮಳೆಗಾಲದ ಅಕ್ಕಿಗೆ ಯಾರ ಬಾಗಿಲಿಗೆ ಹೋಗಬೇಕು? ಒಡೆಯನ ಬಾಗಿಲಿಗೆ. ಲೆಕ್ಕದ ಪುಸ್ತಕ ಒಡೆಯನದು, ಬರೆಯುವ ಕೈಯೂ ಒಡೆಯನದು.

ಸಾಲದ ಚೀಟಿಯಲ್ಲಿ ಗಂಡಸಿನ ಹೆಬ್ಬೆಟ್ಟು ಇರುತ್ತದೆ. ದುಡಿಮೆ ಮನೆಮಂದಿಯದೆಲ್ಲ. ಹೆಂಡತಿ ಸೊಪ್ಪು ಹೊರಬೇಕು, ಕೊಟ್ಟಿಗೆ ಬಳಿಯಬೇಕು, ಅಡಿಕೆ ಸುಲಿಯಬೇಕು. ಮಗ ದನ ಕಾಯಬೇಕು. ಮಗಳು ಒಡತಿಯ ಕೂಸು ಆಡಿಸಬೇಕು. ಇವರ ಕೂಲಿ ಯಾವ ಪುಟದಲ್ಲಿ ಜಮಾ ಆಯಿತು? ಜಮಾ ಆಗದ ಈ ದುಡಿಮೆಯೇ ಜೀತದ ಬೇರು. ಗೋವೆಯ ಹರಾಜಿನಲ್ಲಿ ಹೆಂಗಸಿಗೂ ಮಗುವಿಗೂ ಒಂದು ಬೆಲೆಯಾದರೂ ಇತ್ತು. ಜೀತದಲ್ಲಿ ಅವರು ಪುಕ್ಕಟೆ ಬಂದರು.

1976ರ ಜೀತ ನಿರ್ಮೂಲನ ಕಾಯಿದೆ ಈ ಗುಟ್ಟನ್ನು ಹಿಡಿದಿದೆ. ಸಾಲಗಾರ ತಾನು ದುಡಿದರೂ, ಅವನ ಮನೆಯವರು ದುಡಿದರೂ ಅದು ಜೀತವೇ. 1975ರ ಅಕ್ಟೋಬರ್ 25ರಿಂದ ಅಂಥ ಸಾಲವೆಲ್ಲ ರದ್ದು. ಇದು ಜೀತದ ಸಾಲ ಅಂತ ಆಳು ಹೇಳಿದರೆ, ಅಲ್ಲ ಅಂತ ಸಾಬೀತು ಮಾಡಬೇಕಾದವನು ಧಣಿ. ಈ ಒಂದು ಮಾತು ಎಷ್ಟು ಹಟ್ಟಿಗಳಿಗೆ, ಎಷ್ಟು ಕೇರಿಗಳಿಗೆ ಮುಟ್ಟಿದೆ?

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಸ್ವಾತಂತ್ರ್ಯ ಬಂದು 55 ವರ್ಷ ದಾಟಿದ ಮೇಲೆ! ಯಲ್ಲಾಪುರ ಸೀಮೆಯ ಶಾಂತಾರಾಮ ಸಿದ್ದಿಯವರು ಮೇಲ್ಮನೆಯಲ್ಲಿ ಕೂತದ್ದು 2020ರಲ್ಲಿ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಪಂಗಡದವರು 75 ವರ್ಷದ ದಾಖಲೆ ತರಬೇಕಿಲ್ಲ. 2005ರ ಡಿಸೆಂಬರ್ 13ಕ್ಕೆ ಮುಂಚೆ ಉಳುತ್ತಿದ್ದರೆ ಸಾಕು. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಇರಬೇಕು. ಚೀಟಿಯಲ್ಲಿ ಹೆಸರಿಲ್ಲದೆ ದುಡಿದ ಹೆಂಗಸಿಗೆ ನೆಲದ ಕಾಗದದಲ್ಲಿ ಹೆಸರು ಬರುವುದು ಸಣ್ಣ ಮಾತಲ್ಲ.

ಮನುಷ್ಯರ ಸಾಗಾಟ ಮುಗಿದ ಕತೆ ಅಂತ ಯಾರೂ ತಿಳಿಯಬೇಡಿ. ಫಿಲಿಪ್ಪೀನ್ಸಿನ ಹೆಣ್ಣುಮಕ್ಕಳು ಮನೆಗೆಲಸಕ್ಕೆಂದು ಕೊಲ್ಲಿ ದೇಶಗಳಿಗೆ ಹೋಗಿ, ಪಾಸ್‌ಪೋರ್ಟು ಧಣಿಯ ಕೈಗೆ ಸಿಕ್ಕಿ, ಮನೆಯೊಳಗೇ ಸೆರೆಯಾಗಿದ್ದಾರೆ. ಅಲ್ಲಿ ಏಜೆಂಟನ ಸಾಲ, ಇಲ್ಲಿ ಒಡೆಯನ ಮುಂಗಡ. ಬಡವರ ಮನೆಯ ಹುಡುಗಿಯನ್ನು 'ಓದಿಸುತ್ತೇವೆ, ಮನೆ ಮಗಳ ಹಾಗೆ ನೋಡಿಕೊಳ್ಳುತ್ತೇವೆ' ಅಂತ ಪೇಟೆಗೆ ಕರೆದೊಯ್ಯುವ ಮಾತಿನಲ್ಲೂ ಇದೇ ಗಾಳವಿದೆ. ಶೋಷಣೆಗೆಂದು ಆಸೆ ತೋರಿಸಿ ಕರೆದೊಯ್ದರೂ ಸಾಗಾಟವೇ, ಒಪ್ಪಿಗೆ ಇತ್ತು ಅನ್ನುವ ನೆಪ ನಡೆಯದು ಅಂತ 2013ರಲ್ಲಿ ಕಾನೂನು ತಿದ್ದಲಾಯಿತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮೂ ಅದನ್ನೇ ಹೇಳುತ್ತದೆ.

ಹಳ್ಳಿಯ ಮೇಷ್ಟ್ರುಗಳೇ, ಓದುವ ಗೆಳೆಯರೇ, ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಎದುರಿಗೆ ದಿನವೂ ಗೈರುಹಾಜರಿ ಬೀಳುತ್ತಿದ್ದರೆ ಆ ಮಗು ಯಾರ ಮನೆಯಲ್ಲಿ ಪಾತ್ರೆ ಬೆಳಗುತ್ತಿದೆ ಅಂತ ಹೋಗಿ ಕೇಳಿ. ಯಾವ ಸಾಲಕ್ಕೆ, ಯಾರ ಲೆಕ್ಕಕ್ಕೆ ಅಂತ ಕೇಳಿ. ಕೇಳಿದ್ದನ್ನು ಬರೆದು ತಹಶೀಲ್ದಾರರ ಮೇಜಿನ ಮೇಲಿಡಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ನಮ್ಮ ಚರಿತ್ರೆಯ ಮೊದಲ ದಾಖಲೆ ಅದೇ.