ತುಮರಿ: ಹಿನ್ನೀರಿನ ಊರು, ಊರಿನ ಹೈಸ್ಕೂಲು

ಸಾಗರ ಪೇಟೆ ಬಿಟ್ಟು ಆವಿನಹಳ್ಳಿ ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಹೊಳೆಬಾಗಿಲಿನಲ್ಲಿ ಡಾಂಬರು ರಸ್ತೆ ನೇರ ನೀರಿಗಿಳಿಯುತ್ತದೆ. ಎದುರಿಗಿರುವುದು ಶರಾವತಿಯ ಹಿನ್ನೀರು, ಅದರಾಚೆ ಕಳಸವಳ್ಳಿಯ ದಡ. ಆರು ದಶಕಗಳ ಕಾಲ ಆ ದಡಕ್ಕೆ ಹತ್ತಿರದ ದಾರಿಯೆಂದರೆ ಲಾಂಚ್ ಒಂದೇ. ಈಗ ಪಕ್ಕದಲ್ಲೇ ಅಂಬಾರಗೋಡ್ಲಿನಿಂದ ಸೇತುವೆಯಾಗಿದೆ. ದಾಟಿ ಹೋದರೆ ಸಿಗಂದೂರಿನ ಕವಲು, ಮುಂದೆ ತುಮರಿ, ಬ್ಯಾಕೋಡು, ಕೊನೆಗೆ ಕೋಗಾರಿನ ದಟ್ಟ ಕಾಡು. ಈ ಸೀಮೆಯಿಂದ ಒಂದು ರಸ್ತೆ ಕೊಲ್ಲೂರಿನ ಕಡೆಗೆ, ಇನ್ನೊಂದು ಭಟ್ಕಳದ ಕಡೆಗೆ ಘಟ್ಟ ಇಳಿಯುತ್ತದೆ. ಹೆಚ್ಚಿನ ಕಡೆ ನೀರು, ಉಳಿದ ಕಡೆ ಕಾಡು. ಭೂಪಟದ ಲೆಕ್ಕಕ್ಕೆ ಇದು ಪೂರ್ತಿ ದ್ವೀಪವಲ್ಲ. ಆದರೂ ಇಲ್ಲಿನವರು ತಮ್ಮನ್ನು ದ್ವೀಪದವರೆಂದೇ ಹೇಳಿಕೊಳ್ಳುತ್ತಾರೆ, ಸಾಗರದ ಕಚೇರಿಗಳಲ್ಲೂ ಅದೇ ಮಾತು ನಡೆಯುತ್ತದೆ.

ತುಮರಿ, ಕುದರೂರು, ಚನ್ನಗೊಂಡ, ಎಸ್.ಎಸ್. ಭೋಗ್ ಪಂಚಾಯಿತಿಗಳ ಈ ಸೀಮೆಯಲ್ಲಿ ಬಯಲುಸೀಮೆಯ ಹಾಗೆ ಮನೆಗಳು ಒತ್ತೊತ್ತಾಗಿ ಕೂತ ಊರುಗಳಿಲ್ಲ. ಒಂದು ಕಣಿವೆಯಲ್ಲಿ ಅಡಿಕೆ ತೋಟ, ಅದರ ತಲೆಯ ಮೇಲೆ ಒಂದೆರಡು ಮನೆ, ನಡುವೆ ಗದ್ದೆ, ಮತ್ತೆ ಗುಡ್ಡ. ಪಕ್ಕದ ಮನೆಯೆಂದರೆ ಕೂಗಿದರೆ ಕೇಳದಷ್ಟು ದೂರ. ಹವ್ಯಕರು, ದೀವರು, ಜೈನರು, ಹಸಲರು, ಕಾಡಂಚಿನ ಕುಣಬಿಗಳು ಹೀಗೆ ಚದುರಿಕೊಂಡು ಬದುಕುತ್ತಾರೆ. ಇವರೆಲ್ಲರ ಮನೆ ಮಕ್ಕಳು ದಿನವೂ ಒಂದೇ ಕಡೆ ಕೂಡುವ ಜಾಗಗಳು ಬೆರಳೆಣಿಕೆಯಷ್ಟು. ತುಮರಿಯ ಸರ್ಕಾರಿ ಹೈಸ್ಕೂಲು ಅವುಗಳಲ್ಲೊಂದು. ಪಂಚಾಯಿತಿ ಕಚೇರಿ, ಆಸ್ಪತ್ರೆ, ಕೆಲವು ಅಂಗಡಿ ಹೋಟೆಲು ಇರುವ ಪುಟ್ಟ ಪೇಟೆಗೆ ಅದೇ ಕೇಂದ್ರ ಎಂದರೂ ತಪ್ಪಿಲ್ಲ. ಈ ಶಾಲೆಯ ಬೆಲೆ ತಿಳಿಯಬೇಕಾದರೆ ಮೊದಲು ನೀರು ಬಂದ ಕಥೆ ತಿಳಿಯಬೇಕು.

ನೀರು ಎರಡು ಸಲ ಬಂತು. ಜೋಗದ ವಿದ್ಯುದಾಗಾರಕ್ಕೆ ವರ್ಷವಿಡೀ ನೀರು ಬೇಕೆಂದು ಮೈಸೂರು ಸರ್ಕಾರ ಹಿರೇಭಾಸ್ಕರದ ಬಳಿ, ಮಡೆನೂರಿನಲ್ಲಿ ಅಣೆಕಟ್ಟು ಕಟ್ಟಿಸಿತು. ಅದು ಮುಗಿದದ್ದು 1948ರ ಹೊತ್ತಿಗೆ. ಆಗಲೇ ಒಂದಷ್ಟು ಊರುಗಳು ಮುಳುಗಿದವು. ಆಮೇಲೆ ನದಿಯ ಕೆಳಗಡೆ ಲಿಂಗನಮಕ್ಕಿ ಬಂತು. 1964ರಲ್ಲಿ ಎದ್ದ ಈ ಅಣೆಕಟ್ಟಿನ ಪೂರ್ಣ ಮಟ್ಟ 1819 ಅಡಿ, ಹಿಡಿಯುವ ನೀರು ಸುಮಾರು 151 ಟಿಎಂಸಿ. ಹಳೆಯ ಮಡೆನೂರು ಅಣೆಕಟ್ಟೇ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಯಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ನೀರು ಇಳಿದಾಗ ಅದರ ಗೋಡೆ, ಸೈಫನ್ನುಗಳು ಈಗಲೂ ಮೇಲೇಳುತ್ತವೆ, ಜನ ದೋಣಿಯಲ್ಲೋ ಕಾಲ್ನಡಿಗೆಯಲ್ಲೋ ನೋಡಿ ಬರುತ್ತಾರೆ. ಹತ್ತು ಘಟಕಗಳಿಂದ 1035 ಮೆಗಾವಾಟ್ ತೆಗೆಯುವ ಶರಾವತಿ ವಿದ್ಯುದಾಗಾರ ಈ ನೀರಿನಿಂದಲೇ ನಡೆಯುತ್ತದೆ. ಬೆಂಗಳೂರಿನ ಕಾರ್ಖಾನೆಗಳು ತಿರುಗಿದ್ದು, ನಾಡಿನ ಎಷ್ಟೋ ಪೇಟೆಗಳಲ್ಲಿ ದೀಪ ಹತ್ತಿದ್ದು ಇದರಿಂದ. ಮುಳುಗಡೆಯವರ ಮನೆಗಳಲ್ಲಿ ಮಾತ್ರ ಬಹುಕಾಲ ಚಿಮಣಿ ಬುಡ್ಡಿಯೇ ಉರಿಯಿತು.

ಕಣಿವೆಯ ತಳದ ಗದ್ದೆ, ಹಳೆಯ ತೋಟ, ದೇವಸ್ಥಾನ, ದಾರಿ ಎಲ್ಲ ಹೋದವು. ಗುಡ್ಡದ ನೆತ್ತಿಗಳು ಉಳಿದವು. ಸಾವಿರಾರು ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಲಾರಿ ಹತ್ತಿ ಶಿವಮೊಗ್ಗ, ಹೊಸನಗರ, ಸೊರಬದ ಕಾಡುಗಳಿಗೆ ಹೋದವು. ಕೆಲವರು ಮೇಲಿನ ಗುಡ್ಡಕ್ಕೆ ಸರಿದು ಇಲ್ಲೇ ನಿಂತರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಯೋಜನೆಯನ್ನು ಹತ್ತಿರದಿಂದ ಕಂಡ ನಾ. ಡಿಸೋಜ ಅದನ್ನೇ ಕಾದಂಬರಿಗಳಾಗಿ ಬರೆದರು. ಅವರ 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದಾಗ ಹೊರಗಿನವರಿಗೂ ಈ ಸಂಕಟದ ಪರಿಚಯವಾಯಿತು.

ನೀರಿಗಿಂತ ಮೊದಲೇ ಇಲ್ಲಿ ಇನ್ನೊಂದು ಸಮಸ್ಯೆ ಇತ್ತು. ಸಾಗರ ಸೀಮೆಯ ಬಹುಪಾಲು ದೀವರು ಗೇಣಿದಾರರು. ಉಳುವವರು ಅವರು, ಪಹಣಿಯಲ್ಲಿ ಹೆಸರು ಒಡೆಯರದ್ದು. ಇದೇ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ಅಳೆಯುವ ಕೊಳಗದ ವಿಷಯಕ್ಕೇ ಸತ್ಯಾಗ್ರಹ ಎದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆದರೆ ಉಳುವವನಿಗೆ ಭೂಮಿ ಎಂಬ ಕಾನೂನು ಬಲವಾಗಿ ಜಾರಿಗೆ ಬಂದದ್ದು 1974ರ ತಿದ್ದುಪಡಿಯ ಮೇಲೆ. ನೀರು ಹತ್ತು ವರ್ಷ ಮೊದಲೇ ಬಂದಿತ್ತು. ಕಾಗದದಲ್ಲಿ ಹೆಸರಿಲ್ಲದವನಿಗೆ ಪರಿಹಾರವೂ ಇಲ್ಲ. ಮುಳುಗಡೆಯಾಗಿ ಎದ್ದು ಹೋದವರಿಗೆ ಹೊಸ ಜಾಗದಲ್ಲಿ ಹಕ್ಕುಪತ್ರದ ತಕರಾರು. ಉಳಿದವರ ಸುತ್ತ 1972ರಲ್ಲಿ ಶರಾವತಿ ಕಣಿವೆ ಅಭಯಾರಣ್ಯ ಘೋಷಣೆಯಾಗಿ, ರಸ್ತೆ ಅಗಲಿಸುವುದಕ್ಕೂ ತಂತಿ ಎಳೆಯುವುದಕ್ಕೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕಾಯಿತು.

ಹೈಸ್ಕೂಲು ಇಂಥ ನೆಲದಲ್ಲಿ ಬೇರು ಬಿಟ್ಟಿತು. ಅದಿಲ್ಲದ ಕಾಲದಲ್ಲಿ ಏಳನೇ ತರಗತಿ ಮುಗಿಸಿದ ಹುಡುಗನಿಗೆ ಇದ್ದದ್ದು ಎರಡೇ ದಾರಿ: ಸಾಗರದಲ್ಲಿ ನೆಂಟರ ಮನೆಯೋ ಹಾಸ್ಟೆಲೋ ಸಿಕ್ಕರೆ ಓದು, ಇಲ್ಲದಿದ್ದರೆ ತೋಟದ ಕೆಲಸ. ಹುಡುಗಿಗೆ ಎರಡನೆಯದೊಂದೇ. ನಿತ್ಯ ಲಾಂಚ್ ದಾಟಿ ಹೋಗಿಬರುವ ಮಾತು ಮಳೆಗಾಲದಲ್ಲಂತೂ ಯಾರೂ ಆಡುತ್ತಿರಲಿಲ್ಲ. ಎಂಟರಿಂದ ಹತ್ತು ಊರಿನಲ್ಲೇ ಸಿಗುವಂತಾದಾಗ, ಮುಂದೆ ಪಿಯುಸಿಯೂ ಬಂದಾಗ, ಓದಿನ ಬಾಗಿಲು ಮೊದಲು ತೆರೆದದ್ದು ಹುಡುಗಿಯರಿಗೆ.

ಜೂನ್ ತಿಂಗಳ ಬೆಳಗ್ಗೆ ಇಂಥ ಮಲೆನಾಡಿನ ಶಾಲೆಯೊಂದರ ಜಗಲಿಯನ್ನು ನೋಡಬೇಕು. ಬಿಚ್ಚಿದ ಕೊಡೆಗಳು ಗೋಡೆಯುದ್ದಕ್ಕೂ ಸಾಲು. ಅವುಗಳ ಕೆಳಗೆ ನೀರು ಹರಿದು ಅಂಗಳಕ್ಕೆ ಇಳಿಯುತ್ತಿರುತ್ತದೆ. ಒಳಗೆ ಬರುವ ಮೊದಲು ಮಕ್ಕಳು ಒಂದು ಕಾಲು ಮಡಚಿ ನಿಂತು, ಕಾಲ್ಬೆರಳ ಸಂದು ಬಿಡಿಸಿ ಉಂಬಳ ಹುಡುಕುತ್ತಾರೆ. ಉಪ್ಪೋ ಸುಣ್ಣವೋ ಕಾಗದದ ಪೊಟ್ಟಣದಲ್ಲಿ ಚೀಲದೊಳಗೇ ಇರುತ್ತದೆ. ಮುಟ್ಟಿಸಿದರೆ ಉಂಬಳ ಸುರುಟಿ ಉದುರುತ್ತದೆ, ರಕ್ತ ಮಾತ್ರ ಮಧ್ಯಾಹ್ನದ ಬಿಸಿಯೂಟದ ಗಂಟೆಯವರೆಗೂ ಜಿನುಗುತ್ತಲೇ ಇರುತ್ತದೆ. ಯಾರೂ ಅದಕ್ಕೆ ಅಳುವುದಿಲ್ಲ. ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ಬಯಲುಸೀಮೆಯಲ್ಲಿ ಅದು ದೊಡ್ಡ ಅನುಕೂಲವಾಯಿತು. ಇಲ್ಲಿನ ಏರಿನಲ್ಲಿ ಸೈಕಲ್ಲನ್ನು ತುಳಿದದ್ದಕ್ಕಿಂತ ದೂಡಿಕೊಂಡು ನಡೆದದ್ದೇ ಹೆಚ್ಚು.

ಅಕ್ಟೋಬರ್ ದಾಟಿದರೆ ಶಾಲೆಗೆ ಇನ್ನೊಂದು ಬಣ್ಣ. ಅದು ಅಡಿಕೆ ಕೊಯ್ಲಿನ ಕಾಲ. ಮನೆಮನೆಯಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಾರೆ. ದೊಡ್ಡವರ ಜೊತೆ ಮಕ್ಕಳೂ ಕೂರುತ್ತಾರೆ. ಅಡಿಕೆಯ ಚೊಗರು ಬೆರಳಿಗೆ ಹಿಡಿದರೆ ಕಪ್ಪು ಕಲೆ ವಾರಗಟ್ಟಲೆ ಹೋಗುವುದಿಲ್ಲ. ನೋಟ್‌ಬುಕ್ಕಿನ ಅಂಚಿನಲ್ಲಿ ಹೆಬ್ಬೆರಳಿನ ಗುರುತು ಬಿದ್ದಿದ್ದರೆ ಆ ಮಗು ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆಯೆಂದು ಮೇಷ್ಟ್ರಿಗೆ ಗೊತ್ತಾಗುತ್ತದೆ. ಅದೇ ಸುಮಾರಿಗೆ ಭೂಮಿ ಹುಣ್ಣಿಮೆ. ದೀವರ ಮನೆಗಳಲ್ಲಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಗೆರೆಯೆಳೆದು ಚಿತ್ತಾರ ಬಿಡಿಸುತ್ತಾರೆ. ಬೆಳಕು ಹರಿಯುವ ಮೊದಲೇ ಆ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗಿ ಪೂಜೆ ಮಾಡಿ ಚರಗ ಬೀರುತ್ತಾರೆ. ಅಜ್ಜಿಯ ಪಕ್ಕ ಕೂತು ಆ ಗೆರೆ ಕಲಿತ ಹುಡುಗಿಗೆ ಚಿತ್ರಕಲೆಯ ಪೀರಿಯಡ್ಡಿನಲ್ಲಿ ಸ್ಕೇಲು ಬೇಕಾಗುವುದಿಲ್ಲ.

ಈ ಸೀಮೆಯ ಮಕ್ಕಳಿಗೆ ರಂಗಸ್ಥಳದ ಅಳುಕೂ ಕಡಿಮೆ. ಯಕ್ಷಗಾನ ಮನೆಮಾತು. ಅದೇ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ 1949ರಿಂದ ನಾಟಕ ಕಟ್ಟುತ್ತ ಬಂದಿದೆ. ಅಲ್ಲಿ ಪಳಗಿದ ಕೆ.ಜಿ. ಕೃಷ್ಣಮೂರ್ತಿಯವರು ತುಮರಿಯಲ್ಲಿ ಕಿನ್ನರ ಮೇಳ ಕಟ್ಟಿದರು. ಮಕ್ಕಳ ನಾಟಕವೆಂದರೆ ನಾಡಿನ ರಂಗಭೂಮಿಯವರೆಲ್ಲ ಹೆಸರು ಹೇಳುವ ತಂಡ ಅದು. ಬಸ್ಸೇ ನೀರಿನ ಮೇಲೆ ತೇಲಿ ಬರಬೇಕಾಗಿದ್ದ ಊರಿನ ಹೆಸರು ಹೊತ್ತ ತಂಡ ರಾಜ್ಯದ ಶಾಲೆ ಶಾಲೆಗಳಿಗೆ ಹೋಗಿ ನಾಟಕ ಆಡಿತು.

ಶಾಲೆಯ ಗಂಟೆ ಏನೇ ಹೇಳಲಿ, ಸೇತುವೆ ಬರುವವರೆಗೆ ಊರಿನ ನಿಜವಾದ ಗಡಿಯಾರ ಲಾಂಚ್ ಆಗಿತ್ತು. ಸಾಗರದ ಬಸ್ಸು, ಜೀಪು, ಬೈಕು, ಅಡಿಕೆ ಮೂಟೆ, ಸಿಗಂದೂರಿನ ಭಕ್ತರು ಎಲ್ಲ ಒಂದೇ ಚಪ್ಪಟೆ ತಳದ ದೋಣಿಯಲ್ಲಿ. ಅಲ್ಲಿನ ಚೌಡೇಶ್ವರಿಯ ಕ್ಷೇತ್ರ ಹೆಸರಾದ ಮೇಲೆ ರಜಾದಿನಗಳಲ್ಲಿ ವಾಹನಗಳ ಸಾಲು ದಡದಿಂದ ರಸ್ತೆಯುದ್ದಕ್ಕೂ ಬೆಳೆಯುತ್ತಿತ್ತು. ಸ್ಥಳೀಯರಿಗೆ ಮೊದಲು ಜಾಗ ಕೊಡಬೇಕೆಂಬ ಜಗಳವೂ ಅದರ ಜೊತೆಗೇ ಬೆಳೆಯಿತು. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಕಾಡಿನ ದಾರಿಯಲ್ಲಿ ಹತ್ತಾರು ಕಿಲೋಮೀಟರ್ ಸುತ್ತಬೇಕಾಗಿತ್ತು. ಮಳೆ ತಡವಾದರೆ ನೀರು ಇಳಿದು ಲಾಂಚ್ ದಡ ಮುಟ್ಟುವುದೂ ಕಷ್ಟವಾಗುತ್ತಿತ್ತು. 2023ರ ಜೂನ್‌ನಲ್ಲಿ ವಾಹನ ಸಾಗಿಸುವುದನ್ನೇ ನಿಲ್ಲಿಸಬೇಕಾಯಿತು. ಹೊರಗಿನಿಂದ ಬಂದ ಮೇಷ್ಟ್ರುಗಳ ವಾರವೂ ಇದರ ಮೇಲೇ ನಿಂತಿತ್ತು. ಸೋಮವಾರ ಬೆಳಗಿನ ಲಾಂಚ್‌ಗೆ ಬರಬೇಕು, ಬಾಡಿಗೆ ಕೋಣೆಯಲ್ಲಿ ಐದು ರಾತ್ರಿ ಕಳೆಯಬೇಕು, ಶನಿವಾರ ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನ ದಾಟಬೇಕು. ಹಾಗೆ ಊರಿನಲ್ಲೇ ಉಳಿದವರು ಸಂಜೆ ಹತ್ತನೆಯವರಿಗೆ ಗಣಿತ ಹೇಳಿಕೊಡುತ್ತಿದ್ದರು, ಊರಿನ ಮದುವೆ ಊಟಕ್ಕೆ ಹೋಗುತ್ತಿದ್ದರು, ಅರ್ಜಿ ಬರೆದುಕೊಡುತ್ತಿದ್ದರು.

ಅರ್ಜಿಯ ಮಾತು ಸಣ್ಣದಲ್ಲ. ಹಕ್ಕುಪತ್ರವಿಲ್ಲದ, ಪಹಣಿಯಲ್ಲಿ ಹೆಸರಿಲ್ಲದ ಎಷ್ಟೋ ಮನೆಗಳಿಗೆ ಸರ್ಕಾರದ ಮುದ್ರೆ ಬಿದ್ದು ತಮ್ಮ ಹೆಸರಿಗೆ ಬಂದ ಮೊದಲ ಗಟ್ಟಿ ಕಾಗದವೆಂದರೆ ಮಗನದೋ ಮಗಳದೋ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಹುಟ್ಟಿದ ದಿನಕ್ಕೆ ಅದೇ ದಾಖಲೆ, ಪಾಸ್‌ಪೋರ್ಟಿಗೂ ಅದೇ, ಕೆಲಸದ ಅರ್ಜಿಗೂ ಅದೇ. ಸರ್ಕಾರಿ ನೌಕರಿಯಲ್ಲಿ ಯೋಜನಾ ನಿರಾಶ್ರಿತರ ಕುಟುಂಬಕ್ಕೆ ಮೀಸಲಾತಿಯಿದೆ. ಅದನ್ನು ಕೇಳಬೇಕಾದರೆ ಮುಳುಗಡೆಯ ಪ್ರಮಾಣಪತ್ರದ ಜೊತೆಗೆ ಓದಿದ ಪ್ರಮಾಣಪತ್ರವೂ ಇರಬೇಕು. ಎಂದರೆ ನೆಲ ಕಳೆದುಕೊಂಡವರಿಗೆ ಸರ್ಕಾರ ಕೊಟ್ಟ ಅಲ್ಪ ಪರಿಹಾರವೂ ಹೈಸ್ಕೂಲಿನ ಬಾಗಿಲಿನ ಮೂಲಕವೇ ಮನೆಗೆ ಬರಬೇಕಾಗಿತ್ತು.

ಕೋವಿಡ್ ಕಾಲದಲ್ಲಿ ಪಾಠ ಮೊಬೈಲಿಗೆ ಹೋದಾಗ ಈ ಬಾಗಿಲು ಅರ್ಧ ಮುಚ್ಚಿತು. ಸಿಗ್ನಲ್ ಹುಡುಕಿಕೊಂಡು ಮಕ್ಕಳು ಗುಡ್ಡದ ತುದಿಗೆ ಹೋಗಿ ಕೊಡೆ ಹಿಡಿದು ಕೂರುವುದು ಮಲೆನಾಡಿನ ತುಂಬ ಕಂಡ ನೋಟ. ಇಲ್ಲಿ ಅದು ರಾಜಕೀಯದ ಮಾತೂ ಆಯಿತು. ನೆಟ್‌ವರ್ಕ್ ಕೊಡದಿದ್ದರೆ ಮತ ಹಾಕುವುದಿಲ್ಲವೆಂದು ಹಿನ್ನೀರಿನ ಹಳ್ಳಿಗಳವರು ಪಟ್ಟು ಹಿಡಿದರು. ದೇಶಕ್ಕೆ ಕರೆಂಟು ಕೊಟ್ಟ ನೆಲದಲ್ಲಿ ಮಗುವಿನ ಫೋನಿಗೆ ಸಿಗ್ನಲ್ ಇಲ್ಲವೆಂಬ ಸಿಟ್ಟು ಅದರ ಹಿಂದಿತ್ತು.

ಸೇತುವೆಗೆ 2018ರಲ್ಲಿ ಶಂಕುಸ್ಥಾಪನೆಯಾಗಿ, 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಅದನ್ನು ಉದ್ಘಾಟಿಸಿದರು. ಉದ್ದ ಸುಮಾರು 2.4 ಕಿಲೋಮೀಟರ್. ಕೇಬಲ್‌ಗಳ ಆಸರೆಯ ಸೇತುವೆಗಳಲ್ಲಿ ದೇಶದಲ್ಲೇ ಉದ್ದದವುಗಳ ಸಾಲಿಗೆ ಸೇರುತ್ತದೆ. ಆಂಬುಲೆನ್ಸಿಗೆ ಈಗ ಹೊತ್ತು ಗೊತ್ತಿಲ್ಲ. ರಾತ್ರಿಯೂ ಸಾಗರಕ್ಕೆ ಹೋಗಬಹುದು. ಇದಕ್ಕಾಗಿ ಎರಡು ತಲೆಮಾರು ಮನವಿ ಕೊಟ್ಟಿದೆ, ಧರಣಿ ಕೂತಿದೆ. ಆ ಸಂತೋಷವನ್ನು ಯಾರೂ ಕಡಿಮೆ ಮಾಡಬೇಕಾಗಿಲ್ಲ.

ಆದರೆ ರಸ್ತೆ ಎರಡೂ ಕಡೆಗೆ ಹೋಗುತ್ತದೆ. ಪೇಟೆಯ ಖಾಸಗಿ ಶಾಲೆಯ ಹಳದಿ ವ್ಯಾನು ಇನ್ನು ತುಮರಿಯವರೆಗೂ ಬರಬಲ್ಲದು. ಶುಲ್ಕ ಕಟ್ಟುವ ಶಕ್ತಿಯಿರುವ ತೋಟದ ಮನೆಯವರು ಮಕ್ಕಳನ್ನು ಅದಕ್ಕೆ ಹತ್ತಿಸಿದರೆ ಊರಿನ ಶಾಲೆಯಲ್ಲಿ ಉಳಿಯುವವರು ಕೂಲಿಯವರ, ಕಾಡಂಚಿನವರ ಮಕ್ಕಳು ಮಾತ್ರ. ಒಂದೇ ಬೆಂಚಿನಲ್ಲಿ ಕೂತ ಒಡೆಯರ ಮೊಮ್ಮಗ, ಗೇಣಿದಾರರ ಮೊಮ್ಮಗಳು ಮತ್ತೆ ಬೇರೆ ಬೇರೆಯಾಗುತ್ತಾರೆ. ಮೇಷ್ಟ್ರುಗಳೂ ಸಂಜೆ ನಾಲ್ಕೂವರೆಗೆ ಸೇತುವೆ ದಾಟಿ ಸಾಗರದ ಮನೆಗೆ ಹೋಗಬಹುದು. ಅದು ಅವರ ಹಕ್ಕು, ತಪ್ಪೇನಿಲ್ಲ. ಆದರೆ ಸಂಜೆಯ ಗಣಿತ ಹೇಳಿಕೊಡಲು ಯಾರಿರುತ್ತಾರೆ? ಮಲೆನಾಡಿನಲ್ಲಿ ರಸ್ತೆ ಸುಧಾರಿಸಿದ ಊರುಗಳಲ್ಲೇ ಸರ್ಕಾರಿ ಶಾಲೆಗಳು ಮಕ್ಕಳಿಲ್ಲದೆ ಬೀಗ ಹಾಕಿದ್ದನ್ನು ಈಗಾಗಲೇ ಕಂಡಿದ್ದೇವೆ.

ಹೀಗಾಗಬೇಕೆಂದೇನಿಲ್ಲ. ಮೇಷ್ಟ್ರುಗಳು ಬರಲು ಹಿಂಜರಿಯುತ್ತಿದ್ದುದಕ್ಕೆ ದಾರಿಯೇ ಕಾರಣವಾಗಿದ್ದರೆ ಆ ನೆಪ ಈಗ ಮುಗಿದಿದೆ. ವಿಜ್ಞಾನಕ್ಕೆ, ಗಣಿತಕ್ಕೆ, ಇಂಗ್ಲಿಷಿಗೆ ಅತಿಥಿ ಶಿಕ್ಷಕರ ಬದಲು ಕಾಯಂ ಶಿಕ್ಷಕರನ್ನು ಕೊಡುವುದು ಇಲಾಖೆಗೆ ಮೊದಲಿಗಿಂತ ಸುಲಭ. ಕೋಗಾರಿನ ಕಡೆಯ ಒಂಟಿ ಮನೆಗಳಿಂದ ಶಾಲೆಯ ಹೊತ್ತಿಗೆ ಒಂದು ಬಸ್ಸು ಓಡಿಸಿದರೆ ಬರುವ ಮಕ್ಕಳ ಸಂಖ್ಯೆಯೂ ಹೆಚ್ಚೀತು. ಶರಾವತಿ ಮುಳುಗಡೆಯವರಿಗೆ ಸರ್ಕಾರ ತೀರಿಸಬೇಕಾದ ಬಾಕಿಯ ಮಾತು ಬಂದಾಗಲೆಲ್ಲ ನಾವು ಹಕ್ಕುಪತ್ರ ಎನ್ನುತ್ತೇವೆ, ಸೇತುವೆ ಎನ್ನುತ್ತೇವೆ, ನೆಟ್‌ವರ್ಕ್ ಎನ್ನುತ್ತೇವೆ. ಎಲ್ಲ ವಿಷಯಕ್ಕೂ ಮೇಷ್ಟ್ರಿರುವ ಒಂದು ಸರ್ಕಾರಿ ಹೈಸ್ಕೂಲನ್ನೂ ಆ ಬಾಕಿಯ ಪಟ್ಟಿಗೆ ಸೇರಿಸಬೇಕು. ಮುಳುಗಿದ ನೆಲ ತಿರುಗಿ ಬರುವುದಿಲ್ಲ, ಈ ಬಾಕಿಯನ್ನು ಮಾತ್ರ ಮುಂದಿನ ಜೂನ್‌ನಲ್ಲೇ ತೀರಿಸಬಹುದು.