ಪ್ರಧಾನಾಲಯದ ವಿವಾಹವೂ ಛಾಯಾಗ್ರಾಹಕನೂ

ವಿವಾಹ ಸಂಸ್ಕಾರಕ್ಕೆ ಸಾಕ್ಷಿಗಳು ಬೇಕೆಂಬ ನಿಯಮಕ್ಕೆ ಇತಿಹಾಸವಿದೆ. ಗುಟ್ಟಾಗಿ ಮದುವೆಯಾಗಿ ಬಳಿಕ ಅದನ್ನು ಅಲ್ಲಗಳೆಯುವವರಿಂದ ನೊಂದ ಧರ್ಮಸಭೆಯು, 1563ರಲ್ಲಿ ಟ್ರೆಂಟ್ ಮಹಾಸಭೆಯ ಮೂಲಕ, ಧರ್ಮಕೇಂದ್ರದ ಗುರುವೂ ಇಬ್ಬರು ಅಥವಾ ಮೂವರು ಸಾಕ್ಷಿಗಳೂ ಎದುರಿರಬೇಕೆಂದೂ, ಗುರುವು ಅವರೆಲ್ಲರ ಹೆಸರುಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದೂ ವಿಧಿಸಿತು. ತಪಸ್ಸುಕಾಲದಲ್ಲಿ ಸಂಭ್ರಮದ ವಿವಾಹಗಳನ್ನೂ ಅದೇ ಮಹಾಸಭೆ ನಿಷೇಧಿಸಿತು. ಪಾಸ್ಕದ ನಂತರದ ಬೇಸಿಗೆಯಲ್ಲಿ ನಮ್ಮ ಆಲಯಗಳಲ್ಲಿ ಮದುವೆಗಳು ಒತ್ತಾಗಿ ನಡೆಯುವುದಕ್ಕೆ ಇದೂ ಒಂದು ಕಾರಣ.

1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯದಲ್ಲಿ, ಬಣ್ಣದ ಗಾಜುಗಳಿಂದ ಇಳಿಯುವ ಬೇಸಿಗೆಯ ಬೆಳಕು ಛಾಯಾಗ್ರಾಹಕನನ್ನು ಸಹಜವಾಗಿಯೇ ಸೆಳೆಯುತ್ತದೆ. ಅವನನ್ನು ನಾವು ಹೊರಗಿಡಬೇಕಿಲ್ಲ. ದಾಖಲೆ ಪುಸ್ತಕದಂತೆ ಅವನ ಚಿತ್ರವೂ ಮುಂದಿನ ಪೀಳಿಗೆಗೆ ಸಾಕ್ಷ್ಯವೇ. ಆದರೆ ಸಾಕ್ಷಿಯ ಕೆಲಸ ನಡೆದುದನ್ನು ಕಾಣುವುದು. ಉಂಗುರವನ್ನು ಇನ್ನೊಮ್ಮೆ ತೊಡಿಸಿರೆಂದು ಅವನು ಕೇಳಿ, ಗುರುಗಳೂ ಅದಕ್ಕೆ ಒಪ್ಪಿದರೆ, ಸಂಸ್ಕಾರವು ಅಭಿನಯವಾಗುತ್ತದೆ. ವಧೂವರರ ಸಮ್ಮತಿಯೇ ವಿವಾಹವನ್ನು ಉಂಟುಮಾಡುತ್ತದೆಂಬುದು ಧರ್ಮಸಭೆಯ ಬೋಧನೆ. ಆ ಸಮ್ಮತಿಯನ್ನು ಚಿತ್ರಕ್ಕಾಗಿ ಮರಳಿ ನುಡಿಸಲಾಗದು. ಆದುದರಿಂದ ಮುನ್ನಾದಿನವೇ ಛಾಯಾಗ್ರಾಹಕನನ್ನು ಕರೆದು, ಸಂಸ್ಕಾರದ ಕ್ರಮವನ್ನು ವಿವರಿಸಿ, ಅವನು ನಿಲ್ಲಬೇಕಾದ ಸ್ಥಳವನ್ನು ತೋರಿಸಿಕೊಡುವುದು ಗುರುಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ.